ಆನೆಕಾಲು ರೋಗದ ಎಫ್‌ಟಿಎಸ್ ಪಟ್ಟಿ: ಹತ್ತನೇ ನಿಮಿಷ ತಪ್ಪಿಸಬೇಡಿ

ಆನೆಕಾಲು ರೋಗದ ಸಮೀಕ್ಷಾ ತಂಡಗಳಿಗೆ ಫೈಲೇರಿಯಾಸಿಸ್ ಟೆಸ್ಟ್ ಸ್ಟ್ರಿಪ್‌ (ಎಫ್‌ಟಿಎಸ್) ಎಂಬ ರಕ್ತ ಪರೀಕ್ಷೆಯ ಪಟ್ಟಿಯಿಂದ ಆಗಿರುವ ದೊಡ್ಡ ಉಪಕಾರ, ರಾತ್ರಿ ಕೆಲಸ ತಪ್ಪಿದ್ದು. ರೋಗ ತರುವ ವುಚೆರೇರಿಯಾ ಹುಳುವಿನ ಮರಿಹುಳುಗಳು ರಕ್ತದಲ್ಲಿ ಹೆಚ್ಚಾಗಿ ಸಿಗುವುದು ರಾತ್ರಿ 10ರಿಂದ 2ರ ನಡುವೆ. ಸ್ಮಿಯರ್ (ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತ) ತೆಗೆಯಬೇಕೆಂದರೆ ಮಲಗಿದವರನ್ನು ಎಬ್ಬಿಸಬೇಕು. ಈ ಪಟ್ಟಿ ಹಿಡಿಯುವುದು ದೊಡ್ಡ ಹುಳು ರಕ್ತಕ್ಕೆ ಬಿಡುವ ಪ್ರೋಟೀನನ್ನು. ಅದು ಹಗಲಲ್ಲೂ ಸಿಗುತ್ತದೆ.

ಮಾಡುವ ಕ್ರಮ ಸುಲಭ, ಆದರೆ ಎಡವುವ ಜಾಗಗಳಿವೆ. ಪಟ್ಟಿ ಇರುವ ಪೌಚನ್ನು ಮುಂಚೆಯೇ ಒಡೆದಿಟ್ಟರೆ ಪಟ್ಟಿ ತೇವ ಎಳೆದುಕೊಳ್ಳುತ್ತದೆ. ಬೆರಳು ಚುಚ್ಚುವ ಹೊತ್ತಿಗೆ ಒಡೆಯಿರಿ. ಮೊದಲ ಹನಿ ಒರೆಸಿ, ಕಿಟ್‌ನ ಕೊಳವೆಯಲ್ಲಿ 75 ಮೈಕ್ರೋಲೀಟರ್ ತುಂಬಿಸಿ (ಹಳೆಯ ಕಾರ್ಡ್ ಪರೀಕ್ಷೆಗೆ 100 ಬೇಕಿತ್ತು). ಒಳಗೆ ಗುಳ್ಳೆ ಕಂಡರೆ ಅಳತೆ ಕಡಿಮೆಯಾಯಿತೆಂದೇ ಅರ್ಥ. ಬಿಳಿ ಪ್ಯಾಡಿನ ಮೇಲರ್ಧಕ್ಕೆ ನಿಧಾನವಾಗಿ ಬಿಡಿ. ಒಮ್ಮೆಲೇ ಸುರಿದರೆ ರಕ್ತ ಪಟ್ಟಿಯ ಮೇಲೆಲ್ಲ ಹರಡಿ, ಕೆಂಪು ಹಿನ್ನೆಲೆಯಲ್ಲಿ ಗೆರೆ ಕಾಣುವುದೇ ಇಲ್ಲ. ಪಟ್ಟಿಯ ಮೇಲೆಯೇ ಗಂಟೆ ಬರೆದು, ಸರಿಯಾಗಿ 10 ನಿಮಿಷಕ್ಕೆ ಒಳ್ಳೆಯ ಬೆಳಕಿನಲ್ಲಿ ಓದಿ. ಮಸುಕಾಗಿ ಮೂಡಿದ ಟೆಸ್ಟ್ ಗೆರೆಯೂ ಪಾಸಿಟಿವ್. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಬರದಿದ್ದರೆ ಹೊಸ ಪಟ್ಟಿ ತೆಗೆಯಿರಿ. ಸುಳ್ಳು ಪಾಸಿಟಿವ್ ಬರುವುದು ಹೆಚ್ಚಾಗಿ ತಡವಾಗಿ ಓದಿದ್ದರಿಂದ: ಹತ್ತು ನಿಮಿಷಕ್ಕೆ ಇಲ್ಲದ ಗೆರೆ ಆಮೇಲೆ ಮೂಡಬಹುದು.

ಫಲಿತಾಂಶ ಅರ್ಥವಾಗಬೇಕಾದರೆ ಹುಳುವಿನ ಬದುಕು ಗೊತ್ತಿರಬೇಕು. ಅದು ದುಗ್ಧನಾಳದಲ್ಲಿ (ಲಿಂಫ್ ನಾಳದಲ್ಲಿ) 6ರಿಂದ 8 ವರ್ಷ ಬಾಳುವುದು ನಮ್ಮ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಿಟ್ಟೇ. ಫೈಲೇರಿಯಾ ಹುಳುಗಳು ಬಿಡುವ ಕೆಲವು ಪ್ರೋಟೀನುಗಳಿಗೆ ಫಾಸ್ಫೊರಿಲ್‌ಕೋಲಿನ್ ಎಂಬ ಸಣ್ಣ ಅಣು ಅಂಟಿರುತ್ತದೆ. ಅದು ರೋಗನಿರೋಧಕ ವ್ಯವಸ್ಥೆಯ ಬಿ ಮತ್ತು ಟಿ ಕೋಶಗಳ ಚುರುಕನ್ನು ತಗ್ಗಿಸುತ್ತದೆ. ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಏರುತ್ತದೆ, ಉರಿಯೂತ ಕೆರಳಿಸದ ಐಜಿಜಿ4 ಪ್ರತಿಕಾಯ ಹೆಚ್ಚುತ್ತದೆ. ಹೀಗಾಗಿ ಆರೋಗ್ಯವಂತನಂತೆ ಕಾಣುವವನ ಪಟ್ಟಿಯಲ್ಲಿ ಗಾಢ ಗೆರೆ ಬರಬಹುದು. ಕಾಲು ಊದಿಕೊಂಡವರಲ್ಲಿ ಎಷ್ಟೋ ಜನರಿಗೆ ನೆಗೆಟಿವ್: ಅವರ ದೇಹ ಹುಳುವಿನ ಮೇಲೆ ತಿರುಗಿಬಿದ್ದಿದೆ, ಹುಳು ಸತ್ತಿದೆ, ನಾಳದ ಹಾನಿ ಉಳಿದಿದೆ. ನೆಗೆಟಿವ್ ಬಂತೆಂದು ಅವರನ್ನು ಆರೈಕೆಯಿಂದ ದಯವಿಟ್ಟು ಕೈಬಿಡಬೇಡಿ.

ಗುಣವಾಯಿತೇ ಎಂದು ನೋಡಲು ಈ ಪಟ್ಟಿ ಬೇಡ. ಯಾದಗಿರಿಯಲ್ಲಿ ಸುರಕ್ಷತೆ ಪರೀಕ್ಷಿಸಲಾದ ಐವರ್‌ಮೆಕ್ಟಿನ್, ಡಿಇಸಿ (ಡೈಇಥೈಲ್‌ಕಾರ್ಬಮಜೀನ್), ಆಲ್ಬೆಂಡಜೋಲ್ ಎಂಬ ಮೂರು ಔಷಧಿಗಳ ಕೂಟ ಮರಿಹುಳುಗಳನ್ನು ಬೇಗ ಇಳಿಸುತ್ತದೆ. ಪ್ರೋಟೀನು ಮಾತ್ರ ಬಹುಕಾಲ ರಕ್ತದಲ್ಲೇ ಇರಬಹುದು. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ರಾತ್ರಿ ಸ್ಮಿಯರೇ ಬೇಕು.

ಕೇರಳದ ಚೇರ್ತಲ ಕಡೆ ಹೆಸರಾದ, ಇದೇ ರೋಗ ತರುವ ಇನ್ನೊಂದು ಹುಳು ಬ್ರೂಜಿಯಾ ಮಲಾಯಿಗೂ ಈ ಪಟ್ಟಿ ಉಪಯೋಗವಿಲ್ಲ. ಅದಕ್ಕೆ ಬ್ರೂಜಿಯಾ ರ‍್ಯಾಪಿಡ್ ಕಿಟ್ ಇದೆ. ಅದು ಹುಳುವಿನ ಬಿಎಂಆರ್1 ಪ್ರೋಟೀನಿಗೆ ದೇಹ ಕೊಟ್ಟ ಉತ್ತರವನ್ನು, ಅಂದರೆ ಅದೇ ಐಜಿಜಿ4 ಅನ್ನು, ಹಿಡಿಯುತ್ತದೆ.