ಕುಮಟಾ ಹತ್ತಿರ ಮೂರು ರಾತ್ರಿ: ಅತ್ತೆಗೆ ಒಗ್ಗಿದ ಮನೆ

ಹೋದ ವರ್ಷ ಗೋಕರ್ಣದ ಕಡೆ ಒಂದು ವಸತಿಗೃಹಕ್ಕೆ ಮುಂಗಡ ಕೊಟ್ಟು ಹೋಗಿದ್ದೆವು. ಫೋಟೋದಲ್ಲಿ ಕಿಟಕಿ ತೆರೆದರೆ ಕಡಲು. ಕಾರನ್ನು ಗುಡ್ಡದ ಮೇಲೆ ಬಿಟ್ಟು ಕಲ್ಲಿನ ಮೆಟ್ಟಿಲು ಇಳಿಯಬೇಕು ಅನ್ನುವುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಅತ್ತೆಗೆ 72 ವರ್ಷ, ಎರಡೂ ಮೊಣಕಾಲು ನೋವು. ಹೆಗಲು ಹಿಡಿದು ಹೇಗೋ ಇಳಿದರು, ಮತ್ತೆ ಮೇಲೆ ಹತ್ತಿದ್ದು ಊರಿಗೆ ಹೊರಡುವ ದಿನವೇ. ಮಹಾಬಲೇಶ್ವರನ ದರ್ಶನಕ್ಕೆಂದು ಬಂದವರು ಗುಡಿ ನೋಡದೆ ಹುಬ್ಬಳ್ಳಿಗೆ ವಾಪಸ್ ಬಂದರು. ಅದು ನನಗೆ ಇನ್ನೂ ಚುಚ್ಚುತ್ತದೆ.

ಅದಕ್ಕೇ ಈ ಸಲ ಕಡಲ ದಂಡೆ ಬಿಟ್ಟು ಹೊಳೆ ದಂಡೆ ಹುಡುಕಿದೆ. ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಕಡಲು ಸೇರುವ ಹಿನ್ನೀರಿನ ಪಕ್ಕ, ಹವ್ಯಕ ಕುಟುಂಬವೊಂದು ತಮ್ಮ ಮನೆಗೆ ಹೊಂದಿಕೊಂಡ ಮೂರು ಕೋಣೆಗಳನ್ನು ಕೊಡುತ್ತದೆ. ಫೋನಿನಲ್ಲಿ ಮೊದಲು ಕೇಳಿದ್ದೇ ಇದು: "ಕಾರು ಬಾಗಿಲ ಮಟಾ ಬರ್ತೈತೇನ್ರಿ? ಮೆಟ್ಟಲಾ ಎಷ್ಟು? ಕಮೋಡ್ ಐತೇನ್ರಿ?"

"ಜಗಲಿಗೆ ಎರಡೇ ಮೆಟ್ಲು. ಕಮೋಡು ಒಂದೇ ಕೋಣೆಗೆ ಇರೋದು, ಅದನ್ನ ನಿಮ್ಮ ಅತ್ತೆಗೇ ಇಡ್ತೇನೆ" ಅಂದರು ಮನೆಯೊಡತಿ. ಹಾಗೇ ಇಟ್ಟಿದ್ದರು.

ರಂಗಪಂಚಮಿ ಮುಗಿದ ಮರುವಾರ ಹೊರಟೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಎಡಕ್ಕೆ ಕುಮಟಾ. ಸುಮಾರು 160 ಕಿಲೋಮೀಟರ್. ಚಹಾಕ್ಕೆ ನಿಂತು, ಘಟ್ಟದಲ್ಲಿ ಮಗಳಿಗೆ ವಾಂತಿಯಾಗಿ ನಿಂತು, ನಾಲ್ಕೂವರೆ ತಾಸು ಹಿಡಿಯಿತು. ಹುಬ್ಬಳ್ಳಿ-ಅಂಕೋಲಾ ರೈಲು ಆಗಿದ್ದರೆ ಅತ್ತೆಯಂಥವರಿಗೆ ಎಷ್ಟು ಅನುಕೂಲ ಆಗುತ್ತಿತ್ತು ಅಂತ ಘಟ್ಟದ ಪ್ರತಿ ತಿರುವಿನಲ್ಲೂ ಅನ್ನಿಸಿತು. ಅಂಕೋಲಾ ದಾಟಿದ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಹೋದ ಜಾಗ. ಅತ್ತೆ ಕೈ ಮುಗಿದರು, ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯರು, ಮಕ್ಕಳನ್ನು ಕಟ್ಟಿಕೊಂಡು ಜೋರು ಮಳೆಗಾಲದಲ್ಲಿ ಈ ದಾರಿಗೆ ಬರಬೇಡಿ.

ಮನೆ ಮುಟ್ಟಿದ ಕೂಡಲೇ ಮನೆಯೊಡತಿ ಕೇಳಿದ್ದು, "ಆಸರಿಗೆ ಎಂತ ಕೊಡ್ಲಿ? ಕೋಕಂ ಶರಬತ್ತಾ, ಮಜ್ಜಿಗೆಯಾ?" ಆಸರ ಅಂದರೆ ನಮ್ಮ ಕಡೆಯೂ ಬಾಯಾರಿಕೆಯೇ. ಆ ಒಂದು ಮಾತಿಗೆ ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತುಬಿಟ್ಟರು.

ಊಟದ ಬಗ್ಗೆ ಎಷ್ಟು ಬರೆದರೂ ಕಡಿಮೆ. ಬೆಳಿಗ್ಗೆ ತೆಳ್ಳೇವು ಅನ್ನುವ ಕಾಗದದಂಥ ದೋಸೆ, ಜೋನಿ ಬೆಲ್ಲ, ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ, ಸೌತೆಕಾಯಿ ಹಶಿ, ಅಪ್ಪೆಹುಳಿ. ಜೀರಿಗೆ ಪರಿಮಳದ ಮಾವಿನ ಮಿಡಿಯಿಂದ ಮಾಡಿದ ಆ ತಿಳಿ ಹುಳಿಯನ್ನು ನನ್ನ ಮಗಳು ಅನ್ನಕ್ಕೆ ಕಲಸದೆ ಲೋಟದಲ್ಲೇ ಕುಡಿದಳು. ಒಂದು ದಿನ ಕಗ್ಗದ ಅಕ್ಕಿಯ ಅನ್ನ ಮಾಡಿದ್ದರು. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಭತ್ತ ಅದು. ಎರಿ ಹೊಲದ ಜೋಳ ಉಂಡು ಬೆಳೆದ ಅತ್ತೆಗೆ ಆ ದಪ್ಪ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅವರು ಚೀಲದಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ತೆಗೆದರು. ನಾನು ಸಂಕೋಚಪಟ್ಟೆ. ಮನೆಯೊಡತಿ ಮಾತ್ರ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಅಪ್ಪೆಹುಳಿಯಲ್ಲಿ ಅದ್ದಿ ತಿಂದು, "ಇದು ಹೇಗೆ ತಟ್ಟೋದು?" ಅಂತ ಕೇಳಿದರು. ಮರುದಿನ ಅತ್ತೆ ಅವರ ಅಡುಗೆಮನೆಯಲ್ಲಿದ್ದರು.

ಎರಡನೇ ದಿನ ಯಜಮಾನರು ದೋಣಿಯಲ್ಲಿ ಕರೆದುಕೊಂಡು ಹೋದರು. ಇಳಿತದ ಹೊತ್ತು, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿದ್ದರು. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ, ಹುಟ್ಟಿದಲ್ಲಿಂದ ಕಡಲಿನ ತನಕ ತನ್ನ ಪಾಡಿಗೆ ಹರಿಯುತ್ತದೆ. ನನ್ನ ತವರು ಲಕ್ಷ್ಮೇಶ್ವರ. ಅಲ್ಲಿಗೆ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ. 2024ರ ಆರಂಭದಲ್ಲಿ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಎರಡೂ ಒಟ್ಟಿಗೇ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿದವು. ಅದನ್ನು ಹೇಳಿದಾಗ ಯಜಮಾನರು ಹುಟ್ಟು ಹಾಕುವುದನ್ನು ನಿಲ್ಲಿಸಿ, "ಹಾಗಾದ್ರೆ ನಾವು ನೆಂಟರೇ ಆದ್ವಲ್ಲ" ಅಂದರು.

ಕೊರತೆಗಳೂ ಇವೆ. ಕೋಣೆಗಳಲ್ಲಿ ಏಸಿ ಇಲ್ಲ. ಮಾರ್ಚಿನ ಮಧ್ಯಾಹ್ನ ಬೆವರು ಇಳಿಯುತ್ತದೆ, ಕರೆಂಟು ಹೋದರೆ ಜಗಲಿಯೇ ಗತಿ. ಸಂಜೆ ಆರಕ್ಕೆ ಸೊಳ್ಳೆ ಮುತ್ತುತ್ತವೆ. ಪರದೆ ಕೊಡುತ್ತಾರೆ, ನಮಗೆ ಕೊಟ್ಟದ್ದರಲ್ಲಿ ಒಂದು ಹರಿದಿತ್ತು, ಹೇಳಿದ ಮೇಲೆ ಬದಲಿಸಿದರು. ಬಚ್ಚಲಿನ ಹೊಸ್ತಿಲು ಎತ್ತರ, ಅಲ್ಲೊಂದು ಹಿಡಿಕೆ ಹಾಕಿಸಿ ಅಂತ ಹೇಳಿ ಬಂದಿದ್ದೇನೆ. ಫೋನ್ ಸಿಗ್ನಲ್ ಅಂಗಳದ ತೆಂಗಿನ ಮರದ ಹತ್ತಿರ ಮಾತ್ರ. ಮೀನು ಬೇಕೆನ್ನುವವರಿಗೆ ಈ ಮನೆ ಆಗದು. ಅವರು ಕುಮಟಾ, ಕಾರವಾರದ ಕಡೆ ನೋಡಲಿ. ಆದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ತಾಜಾ ಮೀನು ಕಡಿಮೆ.

ಮೂರು ಹೊತ್ತಿನ ಊಟ ಸೇರಿ ದೊಡ್ಡವರಿಗೆ ದಿನಕ್ಕೆ 1,500 ರೂಪಾಯಿ, ಮಗಳಿಗೆ ಅರ್ಧ. ದೋಣಿಗೆ ಬೇರೆ. ಬಸ್ಸಿಗೆ ಬರುವವರಿಗೆ ಹುಬ್ಬಳ್ಳಿಯಿಂದ ಕುಮಟಾಕ್ಕೆ ಬಸ್ ಇವೆ, ಅಲ್ಲಿಂದ ಆಟೋ. ದಿನಕ್ಕೊಂದು ಊರು ಅಂತ ಓಡಬೇಡಿ. ಒಂದೇ ಮನೆಯಲ್ಲಿ ನೆಲೆಸಿದರೆ ಮಿರ್ಜಾನ ಕೋಟೆ, ಗೋಕರ್ಣ, ಕಾಸರಕೋಡು ಎಲ್ಲವೂ ಹೋಗಿ ಬಂದು ಮಧ್ಯಾಹ್ನ ಮಲಗುವಷ್ಟು ಹತ್ತಿರ. ಮೂರನೇ ದಿನ ಬೆಳಿಗ್ಗೆ ಅತ್ತೆಗೆ ಮಹಾಬಲೇಶ್ವರನ ದರ್ಶನವೂ ಆಯಿತು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಇನ್ನ ಅವಸರ ಇಲ್ಲವ್ವಾ, ನಿಧಾನಕ್ಕ ಹೋಗೂಣು" ಅಂದರು.

ವಾಪಸ್ ಬರುವಾಗ ಅಳ್ವೆಕೋಡಿ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಜಡೆ ಹೆಣೆದ ಹಾಗೆ ಕಟ್ಟಿದ ಕುಮಟಾ ಸಿಹಿ ಈರುಳ್ಳಿಯ ಎರಡು ಗೊಂಚಲು ತಂದೆವು. ಒಂದು ಅಡುಗೆಮನೆಯ ಮೊಳೆಗೆ ತೂಗಿದೆ, ಇನ್ನೊಂದು ಪಕ್ಕದ ಮನೆಗೆ ಹೋಯಿತು. ಡಿಸೆಂಬರಿಗೆ ಅದೇ ಕೋಣೆ ಹೇಳಿ ಇಟ್ಟಿದ್ದೇನೆ. ಬರುವಾಗ ಗುರೆಳ್ಳು ಹಿಂಡಿ ತರಬೇಕು ಅಂತ ಅಲ್ಲಿಂದ ಅತ್ತೆಗೆ ಫೋನ್ ಬಂದಿದೆ.