ಬುರುಡೆ ಬಿಡುವ ಮುದುಕನ ಬಂದೂಕು: ‘ಕಾಲ್ ಆಫ್ ಹುವಾರೆಜ್: ಗನ್‌ಸ್ಲಿಂಗರ್’

ಶೂಟರ್ ಗೇಮ್‌ಗಳಲ್ಲಿ ಕಥೆ ಅಂದರೆ ಸಾಮಾನ್ಯವಾಗಿ ಎರಡು ಕಾಳಗಗಳ ನಡುವೆ ಬರುವ ವಿಡಿಯೊ. ಅರ್ಧ ನೋಡಿ, ಬಟನ್ ಒತ್ತಿ ದಾಟಿಸಿಬಿಡುತ್ತೇವೆ. ಗನ್‌ಸ್ಲಿಂಗರ್‌ನಲ್ಲಿ ಆ ಆಟ ನಡೆಯುವುದಿಲ್ಲ. ನೀವು ಗುಂಡು ಹಾರಿಸುತ್ತಿರುವಾಗಲೇ ಕಥೆ ಓಡುತ್ತಿರುತ್ತದೆ. ಅದನ್ನು ಹೇಳುತ್ತಿರುವ ಮುದುಕ ಬೇರೆ ಮಹಾ ಬುರುಡೆ ದಾಸ.

ಕೆಲವು ವರ್ಷಗಳಿಂದ ಈ ಗೇಮ್ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಜಾಗ ಸಾಲದೆ ಎಷ್ಟೋ ದೊಡ್ಡ ಗೇಮ್‌ಗಳನ್ನು ಡಿಲೀಟ್ ಮಾಡಿದ್ದೇನೆ, ಇದಕ್ಕೆ ಮಾತ್ರ ಕೈ ಹೋಗಿಲ್ಲ. ಆಗಾಗ ಮೊದಲಿಂದ ಆಡುತ್ತೇನೆ, ಇನ್ನೂ ನಗು ಬರುತ್ತದೆ.

ಕಥೆ ಶುರುವಾಗುವುದು 1910ರಲ್ಲಿ, ಅಮೆರಿಕದ ಕಾನ್ಸಸ್ ರಾಜ್ಯದ ಆಬಿಲೀನ್ ಊರಿನ ಒಂದು ಸಲೂನಿನಲ್ಲಿ, ಅಂದರೆ ಹೆಂಡದಂಗಡಿಯಲ್ಲಿ. ಸೈಲಸ್ ಗ್ರೀವ್ಸ್ ಎಂಬ ಮುದಿ ಬೇಟೆಗಾರ ಒಳಗೆ ಬರುತ್ತಾನೆ. ಇವನು ಬೇಟೆಯಾಡುತ್ತಿದ್ದದ್ದು ಮನುಷ್ಯರನ್ನು. ತಲೆಗೆ ಬಹುಮಾನ ಇದ್ದ ದರೋಡೆಕೋರರನ್ನು ಹಿಡಿಯುವುದೇ ಇವನ ಕಸುಬು. ಅಲ್ಲಿ ಡ್ವೈಟ್ ಅನ್ನುವ ಹುಡುಗನಿದ್ದಾನೆ. ಅಗ್ಗದ ಸಾಹಸ ಪುಸ್ತಕಗಳಲ್ಲಿ ಸೈಲಸ್‌ನ ಬಗ್ಗೆ ಓದಿ ಅವನ ಅಭಿಮಾನಿಯಾದವನು. ಕುಡಿಯೋಕೆ ಕೊಡಿಸಿದರೆ ಸಾಕು, ಮುದುಕನ ಬಾಯಿ ಬಿಚ್ಚಿಕೊಳ್ಳುತ್ತದೆ. ಬಿಲ್ಲಿ ದಿ ಕಿಡ್ ಜೊತೆಗಿದ್ದೆ, ಡಾಲ್ಟನ್ ಅಣ್ಣತಮ್ಮಂದಿರನ್ನು ಎದುರಿಸಿದೆ, ಜೆಸ್ಸಿ ಜೇಮ್ಸ್‌ನನ್ನು ಕಂಡೆ, ಬುಚ್ ಕ್ಯಾಸಿಡಿಯನ್ನು ಬೆನ್ನಟ್ಟಿದೆ. ಆ ಕಾಲದ ಹೆಸರಾಂತ ಪುಂಡರಲ್ಲಿ ಇವನ ಕಥೆಗೆ ಬರದೇ ಉಳಿದವರು ಕಡಿಮೆ.

ಮಜಾ ಇರುವುದು ಇಲ್ಲಿ. ಅವನು ಹೇಳಿದ್ದೇ ನಿಮ್ಮ ಕಣ್ಣೆದುರು ನಡೆಯುತ್ತದೆ. ಒಂದು ಕಡೆ ಅಪಾಚೆಗಳು (ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು) ನಮ್ಮ ಮೇಲೆ ಬಿದ್ದರು ಅನ್ನುತ್ತಾನೆ. ಸರಿ, ನೀವೂ ಅವರ ಜೊತೆ ಕಾದಾಡುತ್ತೀರಿ. ಅಷ್ಟರಲ್ಲಿ ಕೇಳುಗರಿಗೆ ಅನುಮಾನ ಬರುತ್ತದೆ: ಅಪಾಚೆಗಳಾ? ಅಪಾಚೆ ಅಂತ ನಾನೆಲ್ಲಿ ಹೇಳಿದೆ, ಅಪಾಚೆಗಳ ಥರ ಬಂದರು ಅಂದೆ ಅಂತ ಮುದುಕ ಜಾರಿಕೊಳ್ಳುತ್ತಾನೆ. ಆಗ ಎದುರಿಗೆ ಬರುವವರೇ ಬದಲಾಗಿಬಿಡುತ್ತಾರೆ, ಮಾಮೂಲಿ ದರೋಡೆಕೋರರು! ಇನ್ನೊಂದು ಕಡೆ ಮುಂದೆ ದಾರಿಯೇ ಇರುವುದಿಲ್ಲ. ಆಗ ನನಗೊಂದು ದಾರಿ ಕಂಡಿತು ಅಂತ ಅವನು ಹೇಳಿದ ಮೇಲೇ ಅದು ಮೂಡುತ್ತದೆ. ಕೆಲವು ಕಡೆ ನೀವು ಆಡಿ ಮುಗಿಸಿದ್ದನ್ನೇ ಹಿಂದಕ್ಕೆ ಸುತ್ತಿ, ಅದು ಹಾಗಲ್ಲ, ಹೀಗೆ ಅಂತ ಮತ್ತೆ ಆಡಿಸುತ್ತಾನೆ. ಸೈಲಸ್‌ಗೆ ದನಿ ಕೊಟ್ಟ ಜಾನ್ ಸಿಗನ್ 2017ರಲ್ಲಿ ತೀರಿಕೊಂಡರು. ಆ ಗೊಗ್ಗರು ದನಿಯಲ್ಲಿರುವ ಧಿಮಾಕು, ಸಿಕ್ಕಿಬಿದ್ದಾಗ ಬರುವ ಸಿಡುಕು, ಎರಡೂ ಸಕತ್ತಾಗಿವೆ.

ದಾರಿಯಲ್ಲಿ ಅಲ್ಲಲ್ಲಿ ಕಾರ್ಡುಗಳು ಸಿಗುತ್ತವೆ, ಹೆಕ್ಕಿಕೊಳ್ಳಿ. ಈ ದರೋಡೆಕೋರರು, ಶೆರಿಫ್‌ಗಳ ನಿಜವಾದ ಇತಿಹಾಸ ಅದರಲ್ಲಿದೆ. ಸಂಗ್ರಹಿಸುವ ವಸ್ತು ಅಂದರೆ ನನಗೆ ಸಾಮಾನ್ಯವಾಗಿ ಬೇಜಾರು. ಇವನ್ನು ಮಾತ್ರ ಪೂರ್ತಿ ಓದುತ್ತೇನೆ, ಮುದುಕ ಎಲ್ಲೆಲ್ಲಿ ರೀಲು ಬಿಟ್ಟಿದ್ದಾನೆ ಅಂತ ಗೊತ್ತಾಗುತ್ತದಲ್ಲ!

ಶೂಟಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಿವಾಲ್ವರ್, ರೈಫಲ್, ಶಾಟ್‌ಗನ್, ಡೈನಮೈಟ್, ಅಷ್ಟೇ. ಆದರೆ ಪ್ರತಿಯೊಂದಕ್ಕೂ ತೂಕ ಇದೆ. ಎದುರಾಳಿ ಎಸೆದ ಡೈನಮೈಟ್‌ಗೆ ಗಾಳಿಯಲ್ಲೇ ಗುಂಡು ಹೊಡೆದು ಸಿಡಿಸಬಹುದು. ನಿಮ್ಮ ಜೀವ ತೆಗೆಯುವ ಗುಂಡು ಬರುವಾಗ ಕೆಲವೊಮ್ಮೆ ಸಮಯ ನಿಧಾನವಾಗುತ್ತದೆ, ಗುಂಡು ತೇಲಿ ಬರುವುದು ಕಾಣುತ್ತದೆ, ಎಡಕ್ಕೋ ಬಲಕ್ಕೋ ವಾಲಿ ತಪ್ಪಿಸಿಕೊಳ್ಳಬಹುದು. ಕಪ್ಪು ಅಂಚಿನ ಕಾಮಿಕ್ಸ್ ಥರದ ಚಿತ್ರ ಇರುವುದರಿಂದ ಗೇಮ್‌ಗೆ ಇನ್ನೂ ವಯಸ್ಸಾದಂತೆ ಕಾಣುವುದಿಲ್ಲ.

ಕಿರಿಕಿರಿ ಇಲ್ಲವೇ? ಇದೆ. ಎದುರುಬದುರು ನಿಂತು ಆಡುವ ಡ್ಯುಯೆಲ್‌ಗಳಲ್ಲಿ ಒಂದು ಕಡೆ ಮೌಸ್‌ನಿಂದ ಎದುರಾಳಿಯ ಮೇಲೆ ಗಮನ ಇಡಬೇಕು, ಇನ್ನೊಂದು ಕಡೆ ಕೈಯನ್ನು ಬಂದೂಕಿನ ಹತ್ತಿರವೇ ಇಟ್ಟುಕೊಳ್ಳಬೇಕು. ಅವನಿಗಿಂತ ಮೊದಲೇ ಬಂದೂಕು ಎಳೆದರೆ ಗೆಲ್ಲಬಹುದು, ಆದರೆ ಮರ್ಯಾದೆ ಹೋಗುತ್ತದೆ, ಪಾಯಿಂಟ್ ಕಡಿಮೆ. ಉಪಾಯ ಚೆನ್ನಾಗಿದೆ, ಆದರೆ ಕೈ ಕುದುರುವುದು ತಡ. ಮತ್ತೆ ಮತ್ತೆ ಅದೇ ಡ್ಯುಯೆಲ್ ಬಂದಾಗ ಸುಸ್ತಾಗುತ್ತದೆ. ಒಂದೇ ಸಮನೆ ಗುಂಡು ಸುರಿಸುವ ಗ್ಯಾಟ್ಲಿಂಗ್ ಗನ್ ಹಿಡಿದು ನಿಂತವರನ್ನು ಎದುರಿಸುವ ಕಡೆಗಳೂ ಸುಮ್ನೆ ಎಳೆದಂತೆ ಅನಿಸುತ್ತವೆ. ಇನ್ನೊಂದು ಮಾತು, ಗುಂಡಿನ ಸದ್ದಿನಲ್ಲಿ ಮುದುಕನ ಮಾತು ಮುಳುಗಿಹೋಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ. ಕಾಳಗದ ಮಧ್ಯೆ ಓದುವುದೂ ಕಷ್ಟವೇ, ಹಾಗಾಗಿ ಮೊದಲ ಸಲ ಸುಲಭದ ಮಟ್ಟದಲ್ಲಿ ಆಡಿದರೆ ನಷ್ಟವೇನಿಲ್ಲ.

ಇಷ್ಟೆಲ್ಲ ಇದ್ದೂ ಇದರ ಹೆಸರು ಯಾಕೆ ಅಷ್ಟಾಗಿ ಕೇಳಿಬರುವುದಿಲ್ಲ? ಸರಣಿಯ ಹಿಂದಿನ ಗೇಮ್ ‘ದಿ ಕಾರ್ಟೆಲ್’ 2011ರಲ್ಲಿ ಬಂತು. ಕೌಬಾಯ್ ಕಾಲ ಬಿಟ್ಟು ಈಗಿನ ಕಾಲಕ್ಕೆ ಹಾರಿತು, ಚೆನ್ನಾಗಿ ಬೈಸಿಕೊಂಡಿತು. ಆಮೇಲೆ 2013ರ ಮೇನಲ್ಲಿ ಪೋಲೆಂಡಿನ ಟೆಕ್‌ಲ್ಯಾಂಡ್ ಇದನ್ನು ಕಡಿಮೆ ಬೆಲೆಯ ಚಿಕ್ಕ ಗೇಮ್ ಆಗಿ ಮಾಡಿತು. ಅದೇ ವರ್ಷ ‘ಬಯೋಶಾಕ್ ಇನ್ಫಿನಿಟ್’, ‘ದಿ ಲಾಸ್ಟ್ ಆಫ್ ಅಸ್’, ‘ಜಿಟಿಎ 5’ ಬಂದವು. ಅಷ್ಟು ದೊಡ್ಡವರ ನಡುವೆ ಇದನ್ನು ಯಾರು ನೋಡಬೇಕು? ಮೊದಲು ಯೂಬಿಸಾಫ್ಟ್ ಹೊರತಂದಿತ್ತು, 2018ರಿಂದ ಟೆಕ್‌ಲ್ಯಾಂಡ್ ತಾನೇ ಮಾರುತ್ತಿದೆ. 2021ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಕೆಲವು ದಿನ ಪುಕ್ಕಟೆ ಕೊಟ್ಟಿದ್ದರು. ಆಗ ಲೈಬ್ರರಿಗೆ ಸೇರಿಸಿ ಮರೆತವರು ಬಹಳ ಜನ ಇರಬೇಕು. ನಿಮ್ಮದರಲ್ಲೂ ಇದೆಯಾ ಅಂತ ಒಮ್ಮೆ ಹುಡುಕಿ ನೋಡಿ.

ಕೊನೆಯ ಬಗ್ಗೆ ಏನೂ ಹೇಳುವುದಿಲ್ಲ. ಇಷ್ಟು ಮಾತ್ರ: ಮುದುಕ ಆ ಸಲೂನಿಗೇ ಯಾಕೆ ಬಂದ ಅನ್ನುವುದಕ್ಕೆ ಕಾರಣ ಇದೆ, ಕೊನೆಗೆ ತೀರ್ಮಾನ ನಿಮ್ಮ ಕೈಗೆ ಬರುತ್ತದೆ. ಆ ಹುಡುಗ ಡ್ವೈಟ್ ಯಾರು ಅನ್ನುವುದು ಎರಡು ತೀರ್ಮಾನಗಳಲ್ಲಿ ಒಂದನ್ನು ಆರಿಸಿದರೆ ಮಾತ್ರ ತಿಳಿಯುತ್ತದೆ. ಆಬಿಲೀನ್ ಊರಿನ ಇತಿಹಾಸ ಗೊತ್ತಿದ್ದವರು ಮೊದಲೇ ಊಹಿಸಬಹುದು.

ಐದಾರು ಗಂಟೆಯಲ್ಲಿ ಮುಗಿಯುತ್ತದೆ, ಒಂದು ಶನಿವಾರ ಸಾಕು. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಹಿಂದಿನ ಗೇಮ್‌ಗಳನ್ನು ಆಡಿರಬೇಕು ಅಂತಿಲ್ಲ. ನೂರು ಗಂಟೆ ಆಡುವಂಥ ದೊಡ್ಡ ಮೈದಾನ, ಗೆಳೆಯರ ಜೊತೆ ಆನ್‌ಲೈನ್ ಆಟ ಬೇಕಿದ್ದರೆ ಇದು ನಿಮಗಲ್ಲ. ಪೂರ್ತಿ ಬೆಲೆಗೆ ಕೊಂಡರೂ ಮೋಸವಿಲ್ಲ, ಆದರೆ ಸೇಲ್‌ನಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ, ವಿಶ್‌ಲಿಸ್ಟ್‌ಗೆ ಹಾಕಿಟ್ಟು ಕಾಯುವುದೇ ಜಾಣತನ.