ಬಯೋ ಎಂಜೈಮ್, ನಿಂಬೆಉಪ್ಪು, ಅಂಟುವಾಳ: ಪರ್ಸಿ (ಶಾಬಾದ್ ಕಲ್ಲು) ಹಾಕಿದ ಮನೆಯವರು ಓದಲೇಬೇಕು

ತಳ್ಳುಗಾಡಿಯವರು ಮಾರುವ ಬಾತ್‌ರೂಮ್ ಆಸಿಡ್ ಮುಚ್ಚಳ ತೆಗೆದರೆ ಸಾಕು, ನನಗೆ ಕೆಮ್ಮು ಹತ್ತುತ್ತಿತ್ತು. ಅದನ್ನು ಬಿಟ್ಟು ಮನೆಯಲ್ಲೇ ಮಾಡಿಕೊಂಡದ್ದರಲ್ಲಿ ತೊಳೆಯಲು ಶುರು ಮಾಡಿದ ಮೇಲೆ ರಾಯಚೂರಿನ ಎರಡನೇ ಬೇಸಿಗೆ ಇದು. ಬಯೋ ಎಂಜೈಮ್, ಅಂದರೆ ಹಣ್ಣಿನ ಸಿಪ್ಪೆ ಕೊಳೆಸಿ ಮಾಡುವ ಹುಳಿನೀರು, ಮಾಡುವ ವಿಧಾನದ ವಿಡಿಯೋಗಳು ಬೇಕಾದಷ್ಟಿವೆ. ಬೆಲ್ಲ, ಸಿಪ್ಪೆ, ನೀರಿನ 1:3:10 ಲೆಕ್ಕ ನಿಮಗೂ ಬಾಯಿಪಾಠ ಇರುತ್ತದೆ.

ಮೊದಲು ಮೆಚ್ಚಿದ್ದು ಹೇಳಿಬಿಡುತ್ತೇನೆ. ನಮ್ಮದು ಬೋರ್ ನೀರು, ಸವಳು. ನಲ್ಲಿಯ ಬಾಯಿಗೆ ಸುಣ್ಣ ಕಟ್ಟಿ ನೀರು ದಿಕ್ಕಿಗೊಂದು ಸಿಡಿಯುತ್ತಿತ್ತು. ಕಿರಾಣಿ ಅಂಗಡಿಯ ನಿಂಬೆಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಬಿಸಿನೀರಿಗೆ ಎರಡು ಚಮಚ ಹಾಕಿ, ಹಳೇ ಬನಿಯನ್ ತುಂಡು ಅದ್ದಿ ನಲ್ಲಿಗೆ ಸುತ್ತಿದೆ. ಊಟ ಮುಗಿಸಿ ಬಂದು ಬಿಚ್ಚಿದರೆ ಬಿಳಿ ಹೊಟ್ಟೆಲ್ಲ ಉಗುರಿಗೇ ಕಿತ್ತು ಬಂತು. ಬಕೆಟ್, ಗೀಸರ್ ಕಾಯಿಲ್‌ಗೂ ಅದೇ ಮದ್ದು.

ಬಯೋ ಎಂಜೈಮ್ ಕಥೆ ಮಾತ್ರ ಬೇರೆ. ಮೂರು ತಿಂಗಳು ಕಾದು, ಗ್ಯಾಸ್ ಹೋಗಲಿ ಅಂತ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ, ಮೋಸಂಬಿ ಸಿಪ್ಪೆಯ ಪರಿಮಳಕ್ಕೆ ಮರುಳಾಗಿ ನೆಲ ಒರೆಸಿದರೆ ಆದದ್ದೇನು? ಒಲೆಕಟ್ಟೆ ಮುಂದಿನ ಶಾಬಾದ್ ಪರ್ಸಿಯ ಹೊಳಪೇ ಹೋಯಿತು. ಬಾಡಿಗೆ ಕೇಳಲು ಬಂದ ಮನೆ ಮಾಲಕಿ ಬಾಗಿಲಲ್ಲೇ ನಿಂತು, "ಏನಮ್ಮಾ, ಪರ್ಸಿ ಮ್ಯಾಲೆ ಏನ್ ಚೆಲ್ಲೀರಿ?" ಅಂದರು. ಅವರಿಗೆ ಏನಂತ ಹೇಳುವುದು, ಸಾವಯವ ಅಂತಲೇ?

ಶಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಶಾಬಾದ್ ಹತ್ತಿರದ ವಾಡಿಯ ಸಿಮೆಂಟ್ ಕಾರ್ಖಾನೆ ಅಲ್ಲಿರುವುದೇ ಆ ಕಲ್ಲಿನ ದೆಸೆಯಿಂದ. ನಲ್ಲಿಗೆ ಕಟ್ಟುವ ಬಿಳಿ ಸುಣ್ಣವೂ ಮುಖ್ಯವಾಗಿ ಅದೇ, ಕ್ಯಾಲ್ಸಿಯಂ ಕಾರ್ಬೋನೇಟ್. ಹುಳಿ ಯಾವುದೇ ಇರಲಿ, ನಿಂಬೆ, ವಿನೆಗರ್, ಎಂಜೈಮ್, ನಲ್ಲಿಯ ಸುಣ್ಣ ತಿನ್ನುವಂಥದ್ದು ನೆಲ ಬಿಡುತ್ತದೆಯೇ? ನಂಬಿಕೆ ಬರದಿದ್ದರೆ ಮೂಲೆಯ ಪರ್ಸಿ ಮೇಲೆ ಒಂದು ಹನಿ ನಿಂಬೆರಸ ಬಿಡಿ. ಸಣ್ಣಗೆ ಗುಳ್ಳೆ ಏಳುತ್ತವೆ, ಒರೆಸಿದ ಮೇಲೆ ಕಾಸಗಲ ಮಂಕು ಹಾಗೇ ಉಳಿಯುತ್ತದೆ. ಕಲಬುರಗಿಯಿಂದ ರಾಯಚೂರಿನ ತನಕ ಮನೆಮನೆಯಲ್ಲಿ ಇದೇ ನೆಲ. ಆದರೂ ನಾನು ನೋಡಿದ ಒಂದು ವಿಡಿಯೋದಲ್ಲೂ ಈ ಮಾತಿಲ್ಲ, ಎಲ್ಲರ ಮನೆಯಲ್ಲೂ ಬೆಳ್ಳಗಿನ ಟೈಲ್ಸೇ. ಇನ್ನು ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬುಸ್ಸೆಂದು ನೊರೆ ಎಬ್ಬಿಸುವವರ ಬಗ್ಗೆ ಹೇಳುವುದೇ ಬೇಡ. ಎರಡೂ ಒಂದನ್ನೊಂದು ಕೊಂದು ಉಳಿಯುವುದು ಸಪ್ಪೆ ಉಪ್ಪುನೀರು.

ಉಳಿದ ಎಂಜೈಮ್ ಈಗ ಪಾಯಿಖಾನೆಗೆ. ಅಲ್ಲಿಗೂ ಒಂದು ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಹಾಕಿದ ದಿನ ಯಾವ ಹುಳಿಯನ್ನೂ ಸುರಿಯಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಇಷ್ಟಾದ ಮೇಲೂ ಆಸಿಡ್ ಬಾಟಲಿಗೆ ವಾಪಸ್ ಹೋಗದೆ ಇರುವುದು ಅಂಟುವಾಳಕಾಯಿಯಿಂದ. ರಾತ್ರಿ ಒಂದು ಹಿಡಿ ಚರಿಗೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಚಹಾಕ್ಕಿಡುವಾಗ ಪಕ್ಕದ ಒಲೆ ಮೇಲೆ ಒಂದು ಕುದಿ. ಆರಿದ ಮೇಲೆ ಕೈಯಿಂದಲೇ ಹಿಸುಕುತ್ತೇನೆ. ಸಿಪ್ಪೆ ಜಾರಿ ಜಾರಿ ಬೆರಳಸಂದಿಯಿಂದ ನೊರೆ ಉಕ್ಕಿ ಬರುವಾಗ, ಈ ಕೆಲಸ ಇನ್ನಷ್ಟು ಹೊತ್ತಿರಲಿ ಅನಿಸುತ್ತದೆ. ಸೋಸಿದರೆ ಕಡು ಕಂದು ನೀರು. ಸವಳು ನೀರಲ್ಲಿ ಬಟ್ಟೆ ಸೋಪು ಒಡೆದು ಬಿಳಿ ಜಿಗುಟಾಗುತ್ತದೆ, ಇದು ಹಾಗಾಗುವುದಿಲ್ಲ. ಒಂದು ಬಕೆಟ್ಟಿಗೆ ಒಂದು ಲೋಟ ಬೆರೆಸಿ ಒರೆಸಿದರೆ ಪರ್ಸಿಯೂ ತಣ್ಣಗೆ ಕೂತಿರುತ್ತದೆ.

ತಕರಾರು ಇಲ್ಲವೆಂದಲ್ಲ. ಕಣ್ಣಿಗೆ ಬಿದ್ದರೆ ಉರಿ. ಬೇಸಿಗೆಯಲ್ಲಿ ಹೊರಗಿಟ್ಟರೆ ಮೂರನೇ ದಿನಕ್ಕೆ ನಾತ, ಅದಕ್ಕೇ ಫ್ರಿಜ್ಜಿನಲ್ಲಿ ಮಜ್ಜಿಗೆ ಪಕ್ಕ ಅದಕ್ಕೊಂದು ಜಾಗ. ಮಿರ್ಚಿ ಕರಿದ ಬಾಣಲೆಯ ಜಿಡ್ಡು ಇದಕ್ಕೆ ಬಗ್ಗದು. ಮೊದಲು ಜೋಳದ ಹಿಟ್ಟಿನ ಜರಡಿ ತೌಡು ಉದುರಿಸಿ ಎಣ್ಣೆ ಒರೆಸಿ ತೆಗೆಯಬೇಕು, ಆಮೇಲೂ ಅಂಗಡಿಯ ಲಿಕ್ವಿಡ್ ನಾಲ್ಕು ಹನಿ ಬೇಕೇಬೇಕು. ಆ ಬಾಟಲಿಯನ್ನು ನಾನು ಎಸೆದಿಲ್ಲ, ಎಸೆಯುವ ಯೋಚನೆಯೂ ಇಲ್ಲ.

ಖರ್ಚಿನ ಮಾತು: ಅಂಟುವಾಳ ನಮಗೆ ಕಿಲೋಗೆ 200 ರೂಪಾಯಿ ಆಸುಪಾಸು ಸಿಗುತ್ತದೆ. ಬೀಜ ತೆಗೆದದ್ದನ್ನೇ ಕೇಳಿ ತಗೊಳ್ಳಿ. ಬೀಜ ಸಮೇತ ತಂದರೆ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಅದಕ್ಕೇ ಹೋಗುತ್ತದೆ.